ವೆಬ್ ಅಪ್ಲಿಕೇಶನ್‌ಗಳಲ್ಲಿ ಸಹಾಯಕ ಫಂಕ್ಷನ್‌ಗಳ ವ್ಯವಸ್ಥೆ

ಒಂದು ವೆಬ್ ಅಪ್ಲಿಕೇಶನ್ನಿನ ನಾನಾ ಭಾಗಗಳಿಗೆ ಪದೇ ಪದೇ ಬೇಕಾಗುವ ಸಣ್ಣ ಕೆಲಸಗಳನ್ನು, ಎಂದರೆ ದಿನಾಂಕವನ್ನು ಓದುವವರ ರೂಢಿಗೆ ಒಪ್ಪುವಂತೆ ಬರೆಯುವುದು, ಮೊತ್ತಕ್ಕೆ ಲಕ್ಷ ಕೋಟಿಗಳ ಕ್ರಮದಲ್ಲಿ ಅಲ್ಪವಿರಾಮಗಳನ್ನಿಡುವುದು, ದೀರ್ಘವಾದ ಶೀರ್ಷಿಕೆಯನ್ನು ಮೊಟಕುಮಾಡುವುದು, ಶೀರ್ಷಿಕೆಯಿಂದ ಪುಟದ ವಿಳಾಸವನ್ನು ಹುಟ್ಟಿಸುವುದು ಮೊದಲಾದವನ್ನು, ಒಂದೇ ಕಡೆ ಬರೆದಿಟ್ಟು ಬೇಕಾದವರು ಬೇಕಾದಾಗ ಕರೆಯುವಂತೆ ಮಾಡಿದ ಫಂಕ್ಷನ್‌ಗಳಿಗೆ ಸಹಾಯಕ ಫಂಕ್ಷನ್‌ಗಳೆಂದು ಹೆಸರು. ಪ್ರೋಗ್ರಾಮರುಗಳ ನಿತ್ಯದ ಮಾತಿನಲ್ಲಿ ಇವು ಹೆಲ್ಪರ್‌ಗಳು. ಒಂದೊಂದೂ ಹತ್ತಿಪ್ಪತ್ತು ಸಾಲುಗಳನ್ನು ಮೀರದ ಅಲ್ಪಕಾಯದವಾದರೂ, ಇವುಗಳನ್ನು ಎಲ್ಲಿ ಇಡಬೇಕು, ಯಾವ ಹೆಸರಿನಿಂದ ಕರೆಯಬೇಕು, ಯಾರಿಗೆ ಕಾಣಿಸಬೇಕು, ಯಾರಿಗೆ ಕಾಣಿಸಕೂಡದು ಎಂಬ ಪ್ರಶ್ನೆಗಳು ಅಲ್ಪವಾದುವಲ್ಲ. ಯೋಜನೆಯು ಚಿಕ್ಕದಾಗಿರುವಾಗ ಯಾರ ಗಮನಕ್ಕೂ ಬಾರದ ಈ ಪ್ರಶ್ನೆಗಳು, ಕೆಲವು ವರ್ಷಗಳು ಕಳೆದು, ಮೊದಲು ಬರೆದವರು ಬೇರೆಡೆಗೆ ಹೋಗಿ, ಹೊಸಬರು ಬಂದು ಸೇರಿದ ಮೇಲೆ, ದಿನದಿನದ ಕೆಲಸಕ್ಕೆ ಅಡ್ಡಬಂದು ನಿಲ್ಲುತ್ತವೆ.

ಸಮಸ್ಯೆಯು ವೆಬ್ಬಿಗಿಂತ ಬಹಳ ಹಳೆಯದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪ್ರಯೋಗಶಾಲೆಯಲ್ಲಿ 1949ರ ಮೇ 6ರಂದು ತನ್ನ ಮೊದಲನೆಯ ಪ್ರೋಗ್ರಾಮನ್ನು ನಡೆಸಿದ ಎಡ್ಸ್ಯಾಕ್ ಎಂಬ ಗಣಕಯಂತ್ರದ ಸುತ್ತ ಕೆಲಸಮಾಡುತ್ತಿದ್ದವರು, ವರ್ಗಮೂಲ ತೆಗೆಯುವುದು, ಸಂಖ್ಯೆಗಳನ್ನು ಅಚ್ಚುಮಾಡುವುದು ಮುಂತಾದ ಕೆಲಸಗಳನ್ನು ಪ್ರತಿಯೊಬ್ಬನೂ ಹೊಸದಾಗಿ ಬರೆಯುವುದು ವ್ಯರ್ಥಶ್ರಮವೆಂದು ಬೇಗನೆ ಮನಗಂಡು, ಅಂಥ ಸಬ್‌ರೂಟೀನುಗಳನ್ನು ರಂಧ್ರ ಹೊಡೆದ ಕಾಗದದ ಪಟ್ಟಿಗಳಲ್ಲಿ ಸಿದ್ಧಮಾಡಿ ಉಕ್ಕಿನ ಬೀರುವಿನಲ್ಲಿ ಜೋಡಿಸಿಟ್ಟರು. ಬೇಕಾದವನು ಪಟ್ಟಿಯನ್ನು ತೆಗೆದು, ಅದರ ಪ್ರತಿಯನ್ನು ತನ್ನ ಪ್ರೋಗ್ರಾಮಿನ ಪಟ್ಟಿಗೆ ಯಂತ್ರದಿಂದಲೇ ಇಳಿಸಿಕೊಳ್ಳುತ್ತಿದ್ದನು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಈ ಮೂವರು ಸೇರಿ 1951ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭಂಡಾರದ ವಿವರಣೆಯುಂಟು. ಅದರಲ್ಲಿ ಗಮನಿಸತಕ್ಕ ಅಂಶವೆಂದರೆ, ಸಬ್‌ರೂಟೀನುಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, ಭಾಗಾಕಾರಕ್ಕೊಂದು, ಲಾಗರಿದಮುಗಳಿಗೊಂದು, ತ್ರಿಕೋನಮಿತಿಗೊಂದು, ಅಚ್ಚುಮಾಡುವುದಕ್ಕೊಂದು ಎಂದು ವರ್ಗಗಳಿಗೆ ಅಕ್ಷರಸಂಜ್ಞೆಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ಅದು ಏನನ್ನು ಪಡೆದು ಏನನ್ನು ಕೊಡುವುದೆಂಬ ವಿವರಣೆಯನ್ನು ಜೊತೆಗಿಟ್ಟಿದ್ದರು ಎಂಬುದು. ಇತರೇ, ಸಂಕೀರ್ಣ ಎಂಬಂಥ ವರ್ಗವೊಂದು ಇದ್ದರೂ ಅದನ್ನೇ ನೆಚ್ಚಿಕೊಂಡು ಅವರು ಭಂಡಾರವನ್ನು ಕಟ್ಟಲಿಲ್ಲ. ಇಂದಿನ ಬಹುಪಾಲು ಯೋಜನೆಗಳು ಈ ಒಂದು ವಿಷಯದಲ್ಲಿ ಆ ಬೀರುವಿಗಿಂತ ಹಿಂದಿವೆ ಎಂದರೆ ಅತ್ಯುಕ್ತಿಯಾಗಲಾರದು.

ಅಲ್ಲಿಂದೀಚೆಗೆ ತತ್ತ್ವಚಿಂತನೆಯೂ ಸಾಕಷ್ಟು ನಡೆಯಿತು. 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನೇಟೋ ಆಶ್ರಯದಲ್ಲಿ ಸೇರಿದ ಸಮ್ಮೇಳನದಲ್ಲಿ ಡಗ್ಲಸ್ ಮೆಕಿಲ್ರಾಯ್, ಇತರ ಕೈಗಾರಿಕೆಗಳಲ್ಲಿ ಬಿಡಿಭಾಗಗಳು ತಯಾರಾಗುವಂತೆ ತಂತ್ರಾಂಶದ ಬಿಡಿಭಾಗಗಳೂ ತಯಾರಾಗಬೇಕೆಂದು ವಾದಿಸಿದರು. 1972ರಲ್ಲಿ ಡೇವಿಡ್ ಪಾರ್ನಸ್ ಬರೆದ ಪ್ರಬಂಧವು, ಮಾಡ್ಯೂಲುಗಳನ್ನು ಕೆಲಸ ನಡೆಯುವ ಕ್ರಮಕ್ಕೆ ಅನುಗುಣವಾಗಿ ಕತ್ತರಿಸದೆ, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಮಾಡ್ಯೂಲಿನೊಳಗೆ ಮರೆಮಾಡಿಡುವಂತೆ ಕತ್ತರಿಸಬೇಕೆಂದು ಪ್ರತಿಪಾದಿಸಿತು. 1974ರಲ್ಲಿ ಸ್ಟೀವನ್ಸ್, ಮೈಯರ್ಸ್, ಕಾನ್‌ಸ್ಟಂಟೈನ್ ಮೂವರೂ ಮಾಡ್ಯೂಲಿನ ಅಂಗಾಂಗಗಳು ಪರಸ್ಪರ ಎಷ್ಟರಮಟ್ಟಿಗೆ ಕೂಡಿಕೊಂಡಿವೆಯೆಂಬುದಕ್ಕೆ ಒಂದು ಸೋಪಾನಶ್ರೇಣಿಯನ್ನು ಹೇಳಿ, ಅದರ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ಕಾಕತಾಳೀಯ ಸಂಬಂಧವನ್ನು ಇರಿಸಿದರು; ಒಂದಕ್ಕೊಂದಕ್ಕೆ ಏನೂ ನಂಟಿಲ್ಲದಿದ್ದರೂ ಅಕಸ್ಮಾತ್ತಾಗಿ ಒಂದೇ ಕಡೆ ಬಂದು ಬಿದ್ದಿರುವುದಷ್ಟೇ ಆ ಸಂಬಂಧ. ಯುಟಿಲ್ಸ್, ಕಾಮನ್, ಹೆಲ್ಪರ್ಸ್, ಮಿಸ್ಕ್ ಎಂಬ ಹೆಸರುಗಳನ್ನು ಹೊತ್ತು ಪ್ರತಿಯೊಂದು ಯೋಜನೆಯಲ್ಲಿಯೂ ಬೆಳೆಯುವ ಕಡತಗಳ ಲಕ್ಷಣ ಇದೇ ಆಗಿದೆ. ಮನೆಯಲ್ಲಿ ಜಾಗ ಗೊತ್ತಿಲ್ಲದ ಸಾಮಾನೆಲ್ಲ ಅಟ್ಟಕ್ಕೆ ಏರುವಂತೆ, ಯಾವ ಫಂಕ್ಷನ್ನಿಗೆ ತಕ್ಕ ತಾಣ ತಟ್ಟನೆ ಹೊಳೆಯಲಿಲ್ಲವೋ ಅದು ಆ ಕಡತವನ್ನು ಸೇರುತ್ತದೆ. ಸೇರಿದ್ದು ಅಲ್ಲಿರುವುದೆಂದು ತಿಳಿಯದ ಮತ್ತೊಬ್ಬನು ಅದನ್ನೇ ಮತ್ತೊಂದು ಹೆಸರಿನಲ್ಲಿ ಬರೆದು ಅಲ್ಲಿಗೇ ಏರಿಸುತ್ತಾನೆ. ಗೋ ಭಾಷೆಯ ತಂಡದವರು 2015ರಲ್ಲಿ ಪ್ಯಾಕೇಜುಗಳ ನಾಮಕರಣವನ್ನು ಕುರಿತು ಕೊಟ್ಟ ಸಲಹೆಯಲ್ಲಿ ಇಂಥ ಹೆಸರುಗಳನ್ನು ಅರ್ಥಶೂನ್ಯವೆಂದು ವರ್ಜಿಸಲು ಹೇಳಿರುವುದು ಇದೇ ಕಾರಣದಿಂದ.

ಹಾಗಾದರೆ ತಾಣವನ್ನು ನಿರ್ಣಯಿಸುವುದೆಂತು? ಇಬ್ಬರು ಬಳಸಿದರೆ ಸಾಮಾನ್ಯ ಕಡತಕ್ಕೆ ಸೇರಿಸು ಎಂಬುದು ರೂಢಿಯಲ್ಲಿರುವ ನಿಯಮ. ಅದು ಸಾಲದು. ಫಂಕ್ಷನ್ನಿನ ಸ್ಥಾನವನ್ನು ನಿರ್ಣಯಿಸಬೇಕಾದುದು ಅದನ್ನು ಎಷ್ಟು ಮಂದಿ ಬಳಸುವರೆಂಬ ಸಂಖ್ಯೆಯಲ್ಲ, ಅದು ಏನನ್ನು ಬಲ್ಲುದೆಂಬ ವಿಚಾರ. ಈ ದೃಷ್ಟಿಯಿಂದ ನೋಡಿದರೆ ಸಹಾಯಕ ಫಂಕ್ಷನ್‌ಗಳು ಮೂರು ಬಗೆಯವಾಗಿ ತೋರುತ್ತವೆ. ಅಪ್ಲಿಕೇಶನ್ನಿನ ವಿಷಯವಾಗಿ ಏನನ್ನೂ ಅರಿಯದೆ, ಕೇವಲ ಅಕ್ಷರಮಾಲೆ, ಸಂಖ್ಯೆ, ಪಟ್ಟಿಗಳನ್ನಷ್ಟೇ ಬಲ್ಲವು ಮೊದಲನೆಯ ಬಗೆ. ಇವನ್ನು ನಾಳೆ ಬೇರೊಂದು ಯೋಜನೆಗೆ ಹಾಗೆಯೇ ಕೊಂಡೊಯ್ಯಬಹುದು. ಅಪ್ಲಿಕೇಶನ್ನಿನ ವ್ಯವಹಾರವನ್ನು, ಅದರ ದರ, ತೆರಿಗೆ, ರಿಯಾಯಿತಿ, ಅರ್ಹತೆಗಳ ನಿಯಮಗಳನ್ನು ಬಲ್ಲವು ಎರಡನೆಯ ಬಗೆ. ಪುಟವನ್ನೂ ಸದ್ಯದ ಕೋರಿಕೆಯನ್ನೂ, ಲಾಗಿನ್ ಆಗಿರುವ ಬಳಕೆದಾರನನ್ನೂ, ಎಚ್‌ಟಿಎಂಎಲ್ ಗುರುತುಗಳನ್ನೂ ಬಲ್ಲವು ಮೂರನೆಯ ಬಗೆ. ಮೊದಲನೆಯ ಬಗೆಯವು ಉಳಿದೆರಡನ್ನು ಕರೆಯಕೂಡದು. ಎರಡನೆಯವು ಮೊದಲನೆಯವನ್ನು ಕರೆಯಬಹುದು. ಮೂರನೆಯವು ಎರಡನ್ನೂ ಕರೆಯಬಹುದು. ಅವಲಂಬನೆಯು ಈ ಒಂದೇ ದಿಕ್ಕಿನಲ್ಲಿ ಹರಿಯುವವರೆಗೂ, ಎರಡು ಕಡತಗಳು ಪರಸ್ಪರ ಒಂದನ್ನೊಂದು ಬೇಡಿ ಎರಡೂ ಅರ್ಧದಲ್ಲಿ ನಿಲ್ಲುವ ಚಕ್ರಾವಲಂಬನೆಯು, ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಬರೆಯುವವರಿಗೆ ಚಿರಪರಿಚಿತವಾದ ಆ ಪೀಡೆಯು, ತಲೆದೋರುವುದಿಲ್ಲ.

ನಿದರ್ಶನಕ್ಕೆ, ದಿನಾಂಕವನ್ನು ಕೊಟ್ಟರೆ ಅದು ಯಾವ ಆರ್ಥಿಕ ವರ್ಷಕ್ಕೆ ಸೇರಿದುದೆಂದು ಹೇಳುವ ಫಂಕ್ಷನ್ನನ್ನು ತೆಗೆದುಕೊಳ್ಳಬಹುದು. ಭಾರತದಲ್ಲಿ ಬಿಲ್ಲು ಬರೆಯುವ ಅಪ್ಲಿಕೇಶನ್ನಿಗೆ ಇದು ಬೇಕೇ ಬೇಕು. ನೋಟಕ್ಕೆ ಇದು ದಿನಾಂಕದ ಕೆಲಸ. ಆದಕಾರಣ ದಿನಾಂಕಗಳ ಹೆಲ್ಪರ್ ಕಡತಕ್ಕೆ ಹೋಗಿ ಸೇರುತ್ತದೆ. ಆದರೆ ವರ್ಷವು ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ್ 31ಕ್ಕೆ ಮುಗಿಯುವುದೆಂಬುದು ಕ್ಯಾಲೆಂಡರಿನ ಜ್ಞಾನವಲ್ಲ, ಲೆಕ್ಕಪತ್ರದ ಜ್ಞಾನ. ಅದನ್ನು ಬಲ್ಲ ಫಂಕ್ಷನ್ನು ಬಿಲ್ಲು ಮತ್ತು ಲೆಕ್ಕಗಳ ಮಾಡ್ಯೂಲಿನಲ್ಲಿರಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಇಂಥ ಫಂಕ್ಷನ್ನನ್ನು ಬರೆಯುವವರು ಅನೇಕವೇಳೆ ಇಂದಿನ ದಿನಾಂಕವನ್ನು ಫಂಕ್ಷನ್ನೇ ಗಡಿಯಾರದಿಂದ ಓದಿಕೊಳ್ಳುವಂತೆ ಮಾಡಿಬಿಡುತ್ತಾರೆ. ಸರ್ವರುಗಳ ಗಡಿಯಾರವಾದರೋ ಸಾಮಾನ್ಯವಾಗಿ ಯುಟಿಸಿ ಕಾಲಮಾನದಲ್ಲಿರುವುದು. ಭಾರತೀಯ ಕಾಲಮಾನವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ಏಪ್ರಿಲ್ 1ರ ನಡುರಾತ್ರಿ ಕಳೆದು 1 ಗಂಟೆಗೆ ಒಬ್ಬನು ಸಾಮಾನು ಕೊಂಡರೆ, ಸರ್ವರಿನ ಗಡಿಯಾರದಲ್ಲಿ ಆಗ ಮಾರ್ಚ್ 31ರ ಸಂಜೆ ಏಳೂವರೆ. ಬಿಲ್ಲು ಹಿಂದಿನ ವರ್ಷಕ್ಕೆ ಸೇರಿ, ಬಿಲ್ಲಿನ ಕ್ರಮಸಂಖ್ಯೆಯೂ ಹಿಂದಿನ ವರ್ಷದ ಸರಣಿಯನ್ನೇ ಹಿಡಿಯುತ್ತದೆ. ವರ್ಷದ ಮುನ್ನೂರ ಅರುವತ್ತನಾಲ್ಕು ದಿನ ಸರಿಯಾಗಿದ್ದು ಒಂದು ರಾತ್ರಿ ಕೆಲವು ಗಂಟೆಗಳ ಕಾಲ ಮಾತ್ರ ತಪ್ಪುವ ಇಂಥ ದೋಷವನ್ನು ಕಂಡುಹಿಡಿಯುವುದು ಸುಲಭವಲ್ಲ. ಕಾಲವನ್ನೂ ಕಾಲವಲಯವನ್ನೂ ಕರೆಯುವವನೇ ಫಂಕ್ಷನ್ನಿಗೆ ಕೊಡಬೇಕು, ಫಂಕ್ಷನ್ನು ಕೊಟ್ಟದ್ದನ್ನಷ್ಟೇ ನೋಡಬೇಕು ಎಂಬ ನಿಯಮವಿದ್ದಲ್ಲಿ ಈ ದೋಷಕ್ಕೆ ಅವಕಾಶ ಬಹಳ ಕಡಮೆಯಾಗುತ್ತದೆ. ಅದನ್ನು ಪರೀಕ್ಷಿಸುವುದೂ ಎರಡು ಸಾಲಿನ ಕೆಲಸವಾಗುತ್ತದೆ.

ತೆರಿಗೆಯ ಲೆಕ್ಕವೂ ಹೀಗೆಯೇ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಪದ್ಧತಿಯಲ್ಲಿ ರಾಜ್ಯದೊಳಗಿನ ಮಾರಾಟಕ್ಕೆ ಶೇಕಡಾ 18ರ ತೆರಿಗೆಯು ಕೇಂದ್ರಕ್ಕೆ 9, ರಾಜ್ಯಕ್ಕೆ 9 ಎಂದು ಒಡೆಯುವುದು. ಅಂತರರಾಜ್ಯ ಮಾರಾಟದಲ್ಲಿ ಅದೇ 18 ಐಜಿಎಸ್‌ಟಿ ಎಂಬ ಒಂದೇ ಬಾಬಿನಲ್ಲಿ ಬರುವುದು. ಗುಣಿಸಿ ಭಾಗಿಸುವ ನಾಲ್ಕು ಸಾಲಿನ ಈ ಕೆಲಸವನ್ನು ಸಂಖ್ಯೆಗಳ ಹೆಲ್ಪರುಗಳ ನಡುವೆ ಇಟ್ಟರೆ, ದರಗಳು ಬದಲಾದ ದಿನ ಹುಡುಕುವವನು ಅಲ್ಲಿ ಹುಡುಕುವುದಿಲ್ಲ.

ಇನ್ನು ಪ್ರಚಲಿತ ಫ್ರೇಮ್‌ವರ್ಕುಗಳು ಈ ವಿಷಯದಲ್ಲಿ ಹಿಡಿದಿರುವ ಹಾದಿಗಳನ್ನು ನೋಡಬಹುದು. 2004ರಲ್ಲಿ ಡೇವಿಡ್ ಹೈನಮೈಯರ್ ಹ್ಯಾನ್ಸನ್ ಹೊರತಂದ ರೂಬಿ ಆನ್ ರೈಲ್ಸ್, ಹೆಲ್ಪರ್ಸ್ ಎಂಬ ಫೋಲ್ಡರನ್ನು ಯೋಜನೆಯ ಅಸ್ಥಿಪಂಜರದಲ್ಲಿಯೇ ಸೇರಿಸಿಕೊಟ್ಟಿತು. ಅಲ್ಲಿರತಕ್ಕವು ಪುಟಗಳಿಗೆ ಸಂಬಂಧಪಟ್ಟ, ಮೇಲೆ ಹೇಳಿದ ಮೂರನೆಯ ಬಗೆಯ ಫಂಕ್ಷನ್‌ಗಳು. ಕಂಟ್ರೋಲರಿಗೊಂದರಂತೆ ಕಡತಗಳು ಬೇರೆ ಬೇರೆಯಾಗಿರುವುದರಿಂದ ಒಂದರೊಳಗಿನದು ಇನ್ನೊಂದಕ್ಕೆ ಕಾಣದೆಂದು ಹೊಸಬರು ಊಹಿಸುತ್ತಾರೆ. ವಾಸ್ತವವಾಗಿ, ಬೇರೆಯಾಗಿ ಹೇಳದ ಹೊರತು, ರೈಲ್ಸ್ ಆ ಎಲ್ಲ ಕಡತಗಳನ್ನೂ ಎಲ್ಲ ಪುಟಗಳಿಗೂ ಒದಗಿಸುತ್ತದೆ; ತತ್ಕಾರಣ, ಆರ್ಡರುಗಳ ಹೆಲ್ಪರಿನಲ್ಲಿಯೂ ಬಳಕೆದಾರರ ಹೆಲ್ಪರಿನಲ್ಲಿಯೂ ಒಂದೇ ಹೆಸರಿನ ಮೆಥಡ್ ಇದ್ದರೆ, ಹಿಂದಿನಿಂದ ಸೇರಿದುದು ಮೊದಲಿನದನ್ನು ಯಾವ ಎಚ್ಚರಿಕೆಯನ್ನೂ ಕೊಡದೆ ಮುಚ್ಚಿಹಾಕುತ್ತದೆ. ಮೊದಲನೆಯ ಬಗೆಯವಕ್ಕೆ ರೈಲ್ಸ್‌ನಲ್ಲಿ ಲಿಬ್ ಎಂಬ ಫೋಲ್ಡರ್ ಇದೆಯಾದರೂ ಅದರೊಳಗಿನದು ತಾನಾಗಿ ಲೋಡ್ ಆಗಬೇಕೇ ಬೇಡವೇ ಎಂಬ ಜಿಜ್ಞಾಸೆಯು ಬಹುಕಾಲ ನಡೆದು, 2023ರ 7.1ನೆಯ ಆವೃತ್ತಿಯಲ್ಲಿ ಅದಕ್ಕೆಂದೇ ಒಂದು ಏರ್ಪಾಟು ಬಂದಿತು.

ಪೈಥಾನ್ ಭಾಷೆಯ ಜಾಂಗೋ, 2005ರಲ್ಲಿ ಬಿಡುಗಡೆಯಾದುದು, ಇದಕ್ಕೆ ವಿರುದ್ಧವಾದ ಶಿಸ್ತನ್ನು ಆರಿಸಿಕೊಂಡಿತು. ಅಲ್ಲಿ ಪುಟಗಳ ಸಹಾಯಕಗಳು ಆಯಾ ಉಪಭಾಗದ ಟೆಂಪ್ಲೇಟ್‌ಟ್ಯಾಗ್ಸ್ ಎಂಬ ಫೋಲ್ಡರಿನಲ್ಲಿರಬೇಕು, ಮತ್ತು ಪ್ರತಿಯೊಂದು ಪುಟವೂ ತನಗೆ ಬೇಕಾದ ಗುಂಪನ್ನು ಹೆಸರು ಹೇಳಿ ಬರಮಾಡಿಕೊಳ್ಳಬೇಕು. ಬರೆಯುವವನಿಗೆ ಒಂದು ಸಾಲಿನ ಶ್ರಮ ಹೆಚ್ಚು. ಓದುವವನಿಗೆ ಈ ಹೆಸರು ಎಲ್ಲಿಂದ ಬಂದಿತೆಂಬ ಸಂದೇಹಕ್ಕೆ ಉತ್ತರ ಪುಟದ ನೆತ್ತಿಯಲ್ಲಿಯೇ ಇದೆ. ಒಮ್ಮೆ ಬರೆದದ್ದನ್ನು ಹತ್ತು ಮಂದಿ ಹತ್ತು ಸಲ ಓದುವುದರಿಂದ ಈ ವಿನಿಮಯವು ಲಾಭದ್ದೆಂದೇ ಈ ಲೇಖಕನ ಎಣಿಕೆ.

ಪಿಎಚ್‌ಪಿ ಜಗತ್ತಿನ ಕಥೆ ಭಾಷೆಯ ಒಂದು ನ್ಯೂನತೆಯಿಂದ ಹುಟ್ಟಿದುದು. ಆ ಭಾಷೆಯಲ್ಲಿ ಬೇಕಾದಾಗ ತಾನಾಗಿ ಲೋಡ್ ಆಗುವ ಸೌಕರ್ಯ ಕ್ಲಾಸುಗಳಿಗೆ ಉಂಟು, ಬಿಡಿ ಫಂಕ್ಷನ್‌ಗಳಿಗೆ ಇಲ್ಲ. ಆದ್ದರಿಂದ 2011ರಲ್ಲಿ ಟೇಲರ್ ಆಟ್ವೆಲ್ ಆರಂಭಿಸಿದ ಲಾರವೆಲ್ ಫ್ರೇಮ್‌ವರ್ಕನ್ನು ಬಳಸುವವರು ತಮ್ಮ ಹೆಲ್ಪರುಗಳನ್ನೆಲ್ಲ ಒಂದು ಕಡತದಲ್ಲಿ ಬರೆದು, ಕಂಪೋಸರ್ ಎಂಬ ಸಲಕರಣೆಗೆ ಆ ಕಡತದ ಹೆಸರನ್ನು ತಿಳಿಸಿ, ಅದು ಪ್ರತಿಯೊಂದು ಕೋರಿಕೆಯಲ್ಲಿಯೂ ಲೋಡ್ ಆಗುವಂತೆ ಮಾಡಿಕೊಳ್ಳುವರು; ಅದೇ ಹೆಸರಿನ ಫಂಕ್ಷನ್ನು ಮೊದಲೇ ಉಂಟೇ ಎಂದು ಕೇಳಿ ನೋಡುವ ಕಾವಲನ್ನು ಒಂದೊಂದಕ್ಕೂ ಸುತ್ತುವರು. ಲಾರವೆಲ್ ತಾನೇ ಒದಗಿಸಿದ್ದ ಅಕ್ಷರಮಾಲೆ ಮತ್ತು ಪಟ್ಟಿಗಳ ಜಾಗತಿಕ ಹೆಲ್ಪರುಗಳನ್ನು 2019ರ 5.8ನೆಯ ಆವೃತ್ತಿಯಲ್ಲಿ ವರ್ಜ್ಯವೆಂದು ಸಾರಿ, ಅದೇ ವರ್ಷದ 6.0ಯಲ್ಲಿ ತೆಗೆದುಹಾಕಿ, ಹಳೆಯ ಯೋಜನೆಗಳಿಗಾಗಿ ಪ್ರತ್ಯೇಕ ಪ್ಯಾಕೇಜಿನಲ್ಲಿ ಉಳಿಸಿಕೊಟ್ಟಿತು. ಅವುಗಳ ಕೆಲಸವನ್ನು ಸ್ಟ್ರ್, ಆರ್ ಎಂಬ ಎರಡು ಕ್ಲಾಸುಗಳು ವಹಿಸಿಕೊಂಡುವು. ಸಹಾಯಕಗಳನ್ನು ಹೇಗೆ ನಿವೃತ್ತಿಗೊಳಿಸಬೇಕೆಂಬುದಕ್ಕೆ ಇದು ಒಳ್ಳೆಯ ಮಾದರಿ.

ಜಾವಾಸ್ಕ್ರಿಪ್ಟ್‌ನಲ್ಲಿ ಸಮಸ್ಯೆಗೆ ಇನ್ನೊಂದು ಮುಖವುಂಟು: ಅಲ್ಲಿಯ ಕೋಡ್ ಬಳಕೆದಾರನ ಬ್ರೌಸರಿಗೆ ಸಾಗಿಹೋಗಬೇಕು, ಸಾಗಿಸುವುದಕ್ಕೆ ಬೆಲೆ ತೆರಬೇಕು. 2009ರ ಅಂಡರ್‌ಸ್ಕೋರ್, 2012ರ ಲೋಡ್ಯಾಶ್ ಎಂಬ ಲೈಬ್ರರಿಗಳಿಂದ ಒಂದು ಫಂಕ್ಷನ್ ಬೇಕಾದವನು ಇಡೀ ಲೈಬ್ರರಿಯನ್ನು ಪುಟಕ್ಕೆ ಹೇರುತ್ತಿದ್ದುದು ಸಾಮಾನ್ಯವಾಗಿತ್ತು. 2015ರಲ್ಲಿ ಮಾಡ್ಯೂಲುಗಳು ಭಾಷೆಯ ಅಧಿಕೃತ ಅಂಗವಾದ ಮೇಲೆ, ಬಳಸದ ಭಾಗಗಳನ್ನು ಉದುರಿಸಿ ಕಟ್ಟುವ ಕಲೆಯನ್ನು ರೋಲಪ್ ಎಂಬ ಸಲಕರಣೆ ಪ್ರಚಾರಕ್ಕೆ ತಂದಿತು. ಆದರೆ ಎಲ್ಲ ಹೆಲ್ಪರುಗಳನ್ನೂ ಒಂದೇ ವಸ್ತುವಿನೊಳಗೆ ತುಂಬಿ ರಫ್ತುಮಾಡಿದರೆ, ಅಥವಾ ಲೋಡ್ ಆಗುವಾಗಲೇ ಬೇರೇನಾದರೂ ಕೆಲಸ ಮಾಡುವ ಕಡತದಲ್ಲಿಟ್ಟರೆ, ಆ ಉದುರಿಸುವಿಕೆ ಪೂರ್ತಿಯಾಗಿ ನಡೆಯದು. ಅದಲ್ಲದೆ, ಸರ್ವರ್ ಮತ್ತು ಬ್ರೌಸರ್ ಎರಡರಲ್ಲಿಯೂ ಒಂದೇ ಭಾಷೆ ನಡೆಯುವಲ್ಲಿ ಹಂಚಿಕೆಯ ಕಡತವು ಅಪಾಯದ ಸ್ಥಳವೂ ಹೌದು: ದಿನಾಂಕದ ಹೆಲ್ಪರಿನ ಪಕ್ಕದಲ್ಲಿ ಡೇಟಾಬೇಸಿನ ಗುಪ್ತಪದವನ್ನು ಓದುವ ಹೆಲ್ಪರನ್ನು ಇರಿಸಿದವನು, ಅದನ್ನು ಲೋಕಕ್ಕೆಲ್ಲ ಹಂಚುವ ದಾರಿಯನ್ನು ತೆರೆದಿಟ್ಟಂತೆ. 2022ರ ಡಿಸೆಂಬರಿನಲ್ಲಿ 1.0 ಆವೃತ್ತಿಯನ್ನು ತಲಪಿದ ಸ್ವೆಲ್ಟ್‌ಕಿಟ್ ಎಂಬ ಫ್ರೇಮ್‌ವರ್ಕ್ ಇದಕ್ಕೆ ಸೊಗಸಾದ ಪರಿಹಾರವನ್ನು ಮಾಡಿದೆ. ಅದರಲ್ಲಿ ಹಂಚಿಕೆಯ ಕೋಡ್ ಲಿಬ್ ಎಂಬ ಫೋಲ್ಡರಿನಲ್ಲಿರುವುದು. ಅದರೊಳಗಿನ ಸರ್ವರ್ ಎಂಬ ಉಪಫೋಲ್ಡರಿನಲ್ಲಿರುವುದನ್ನು ಬ್ರೌಸರಿಗೆ ಹೋಗುವ ಕೋಡ್ ಬರಮಾಡಿಕೊಳ್ಳಲು ಯತ್ನಿಸಿದರೆ ಕಟ್ಟುವ ಕೆಲಸವೇ ನಿಂತುಹೋಗುವುದು. ನಿಯಮವು ಜ್ಞಾಪಕದಲ್ಲಿಡಬೇಕಾದ ಮಾತಾಗಿರದೆ ಫೋಲ್ಡರಿನ ರಚನೆಯಲ್ಲಿಯೇ ನೆಲೆಸಿದೆ. ನಕ್ಸ್ಟ್ ಎಂಬ ಫ್ರೇಮ್‌ವರ್ಕಾದರೋ ಯುಟಿಲ್ಸ್ ಫೋಲ್ಡರಿನಲ್ಲಿರುವುದನ್ನು ಬರಮಾಡಿಕೊಳ್ಳುವ ಸಾಲಿನ ಅಗತ್ಯವೂ ಇಲ್ಲದಂತೆ ಪುಟಗಳ ಕೋಡಿಗೆಲ್ಲ ಒದಗಿಸಿ, ರೈಲ್ಸಿನ ಹಳೆಯ ಔದಾರ್ಯಕ್ಕೆ ಮರಳಿದೆ.

ಕನ್ನಡದ ತಾಣಗಳನ್ನು ಕಟ್ಟುವವರಿಗೆ ಹಂಚಿಕೆಯ ಹೆಲ್ಪರುಗಳು ಒಂದೇ ಕಡೆ ಇರಬೇಕಾದ ಅವಶ್ಯಕತೆ ಇತರರಿಗಿಂತ ಒಂದು ಕೈ ಹೆಚ್ಚು; ಏಕೆಂದರೆ ಸಿದ್ಧವಾಗಿ ದೊರೆಯುವ ಹೆಲ್ಪರುಗಳಲ್ಲಿ ಅನೇಕವು ಲ್ಯಾಟಿನ್ ಲಿಪಿಯನ್ನು ಮಾತ್ರ ನೆನೆದು ಬರೆದವು. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸರಣಿ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ 18 ಬೈಟುಗಳು. ಶೀರ್ಷಿಕೆಯನ್ನು ಮೊಟಕುಮಾಡುವ ಹೆಲ್ಪರ್ ಬೈಟುಗಳನ್ನು ಎಣಿಸಿದರೆ ಅಕ್ಷರವೇ ಒಡೆದು ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುವುದು. ಸಂಕೇತಗಳನ್ನು ಎಣಿಸಿದರೆ ಒತ್ತಕ್ಷರ ಕಳೆದು 'ಸ್' ಎಂದು ನಿಲ್ಲುವುದು. ಪುಟದ ವಿಳಾಸವನ್ನು ರಚಿಸುವ ಹೆಲ್ಪರಿನ ಅವಸ್ಥೆ ಇನ್ನೂ ವಿಚಿತ್ರ. ರೈಲ್ಸಿನ ಹೆಲ್ಪರಿಗೆ 'ಕನ್ನಡ' ಎಂದು ಕೊಟ್ಟರೆ ಬರಿದಾದ ಅಕ್ಷರಮಾಲೆ ಹಿಂದಿರುಗುತ್ತದೆ. ಜಾಂಗೋದಲ್ಲಿಯೂ ಸಹಜ ಸ್ಥಿತಿಯಲ್ಲಿ ಅಷ್ಟೇ. ಯೂನಿಕೋಡಿಗೆ ಅನುಮತಿ ಕೊಡುವ ಆಯ್ಕೆಯನ್ನು ಬಳಸಿದರೂ, ಸ್ವರಚಿಹ್ನೆಗಳೂ ವಿರಾಮವೂ ಅದರ ದೃಷ್ಟಿಯಲ್ಲಿ ಅಕ್ಷರಗಳೇ ಅಲ್ಲವಾದ್ದರಿಂದ, 'ಕನ್ನಡ'ವು 'ಕನನಡ'ವಾಗಿ ಹೊರಬರುತ್ತದೆ. ತಾಣದ ಒಂದು ಮೂಲೆಯಲ್ಲಿ ಒಬ್ಬನು ಇದನ್ನು ಸರಿಪಡಿಸಿಕೊಂಡು, ಮತ್ತೊಂದು ಮೂಲೆಯಲ್ಲಿ ಮತ್ತೊಬ್ಬನು ಸಿದ್ಧ ಹೆಲ್ಪರನ್ನೇ ಬಳಸಿದನೆಂದರೆ, ಒಂದೇ ಲೇಖನಕ್ಕೆ ಎರಡು ವಿಳಾಸಗಳು ಹುಟ್ಟುತ್ತವೆ. ಲಕ್ಷ ಕೋಟಿಗಳ ಅಲ್ಪವಿರಾಮದ ತೊಡಕು ಮಾತ್ರ ಈಗ ಬಹುಮಟ್ಟಿಗೆ ನೀಗಿದೆ. ಬ್ರೌಸರಿನಲ್ಲಿಯೇ ಇರುವ ಇಂಟ್ಲ್ ಎಂಬ ಸೌಕರ್ಯಕ್ಕೆ ಭಾರತದ ರೂಢಿಯೆಂದು ತಿಳಿಸಿದರೆ ಅದು 12,34,567 ಎಂದೇ ಬರೆಯುತ್ತದೆ.

ಎಚ್‌ಟಿಎಂಎಲ್ ಅನ್ನು ಹುಟ್ಟಿಸುವ ಹೆಲ್ಪರುಗಳಿಗೆ ಒಂದು ವಿಶೇಷ ಎಚ್ಚರಿಕೆ ಅವಶ್ಯಕ. ಜಾಂಗೋ 2008ರ 1.0 ಆವೃತ್ತಿಯಲ್ಲಿಯೂ ರೈಲ್ಸ್ 2010ರ 3.0 ಆವೃತ್ತಿಯಲ್ಲಿಯೂ, ಬಳಕೆದಾರರು ಬರೆದದ್ದನ್ನು ಪುಟದಲ್ಲಿ ತೋರಿಸುವ ಮೊದಲು ನಿರುಪದ್ರವಗೊಳಿಸುವುದನ್ನು ಸಹಜ ನಿಯಮವನ್ನಾಗಿ ಮಾಡಿದುವು. ಇದು ಸುರಕ್ಷಿತ ಎಂದು ಮುದ್ರೆಯೊತ್ತಿ ಆ ಕಾವಲನ್ನು ದಾಟಿಸುವ ಅಧಿಕಾರ ಹೆಲ್ಪರುಗಳಿಗೆ ಇದೆ. ಒಬ್ಬನು ಅವಸರದಲ್ಲಿ ಒತ್ತಿದ ಮುದ್ರೆ ಆ ಹೆಲ್ಪರನ್ನು ಕರೆಯುವ ಎಲ್ಲ ಪುಟಗಳಿಗೂ ರಂಧ್ರ ಕೊರೆಯುತ್ತದೆ. ಇಂಥವನ್ನು ಪ್ರತ್ಯೇಕವಾಗಿ ಒಂದೆಡೆ ಇಟ್ಟು ಪರಿಶೀಲಿಸುವುದು ಯುಕ್ತ.

ಯಾವಾಗ ಹಂಚಿಕೆಯ ತಾಣಕ್ಕೆ ಏರಿಸಬೇಕೆಂಬ ವಿಷಯದಲ್ಲಿ ಮತಭೇದವಿದೆ. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರಲ್ಲಿ ಒಂದು ಜ್ಞಾನಕ್ಕೆ ಒಂದೇ ನೆಲೆಯಿರಬೇಕೆಂಬ ಸೂತ್ರವನ್ನು ಪ್ರಸಿದ್ಧಿಗೆ ತಂದರು; ಅದೇ ವರ್ಷ ಮಾರ್ಟಿನ್ ಫೌಲರ್, ಡಾನ್ ರಾಬರ್ಟ್ಸ್ ಅವರ ಮಾತೆಂದು, ಮೂರನೆಯ ಸಲ ಪುನರುಕ್ತಿಯಾದಾಗ ಒಂದುಗೂಡಿಸು ಎಂಬ ನಿಯಮವನ್ನು ಹೇಳಿದರು. ತಪ್ಪಾದ ಸಾಮಾನ್ಯೀಕರಣಕ್ಕಿಂತ ಪುನರುಕ್ತಿಯೇ ಅಗ್ಗವೆಂದು ಸ್ಯಾಂಡಿ ಮೆಟ್ಜ್ 2014ರಿಂದೀಚೆಗೆ ವಾದಿಸುತ್ತ ಬಂದಿದ್ದಾರೆ. ಈ ಮತಗಳು ಮೇಲುನೋಟಕ್ಕೆ ತೋರುವಷ್ಟು ಪರಸ್ಪರ ವಿರುದ್ಧವಲ್ಲ. ಇಂದು ಒಂದೇ ಬಗೆಯಾಗಿ ಕಾಣುವ ಎರಡು ಫಂಕ್ಷನ್‌ಗಳು ಬೇರೆ ಬೇರೆ ಕಾರಣಗಳಿಂದ ಬದಲಾಗತಕ್ಕವಾದರೆ ಅವು ಒಂದೇ ಜ್ಞಾನವಲ್ಲ. ಅವನ್ನು ಒಂದುಗೂಡಿಸಿದವನು, ಮುಂದೆ ಒಬ್ಬೊಬ್ಬರ ಬೇಡಿಕೆಗೆ ಒಂದೊಂದು ಹೌದು ಅಲ್ಲಗಳ ಆಯ್ಕೆಯನ್ನು ಸೇರಿಸುತ್ತ ಹೋಗಿ, ಯಾರಿಗೂ ಪೂರ್ತಿ ಅರ್ಥವಾಗದ ಏಳೆಂಟು ಆಯ್ಕೆಗಳ ಫಂಕ್ಷನ್ನನ್ನು ಸಾಕಬೇಕಾಗುತ್ತದೆ. ಬಳಸುವವರ ಸಂಖ್ಯೆಯನ್ನು ಎಣಿಸುವ ಮುನ್ನ ಬದಲಾವಣೆಯ ಕಾರಣವನ್ನು ಕೇಳಬೇಕು.

ಹೊರಗಿನಿಂದ ತರುವ ಹೆಲ್ಪರುಗಳ ಮಾತು ಬಂದಾಗ 2016ರ ಮಾರ್ಚ್ 22ರ ಪ್ರಸಂಗವನ್ನು ಬಿಡುವಂತಿಲ್ಲ. ಅಕ್ಷರಮಾಲೆಯ ಎಡಕ್ಕೆ ಖಾಲಿಯನ್ನು ತುಂಬುವ ಲೆಫ್ಟ್‌ಪ್ಯಾಡ್ ಎಂಬ 11 ಸಾಲುಗಳ ಪ್ಯಾಕೇಜನ್ನು ಅದರ ಕರ್ತೃವು ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರದಿಂದ ಹಿಂತೆಗೆದುಕೊಂಡೊಡನೆ, ಅದನ್ನು ನೇರವಾಗಿಯೂ ಪರಂಪರೆಯಿಂದಲೂ ಅವಲಂಬಿಸಿದ್ದ ಅಸಂಖ್ಯ ಯೋಜನೆಗಳು ಕಟ್ಟಿಕೊಳ್ಳಲಾರದೆ ನಿಂತುವು. ಭಂಡಾರದವರು ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ಸ್ಥಾಪಿಸಿ, ಹಿಂತೆಗೆಯುವ ಹಕ್ಕನ್ನು ಬಿಗಿಗೊಳಿಸಿದರು. ಮರುವರ್ಷದ ಭಾಷಾಸೂತ್ರದಲ್ಲಿ ಅದೇ ಕೆಲಸ ಮಾಡುವ ಪ್ಯಾಡ್‌ಸ್ಟಾರ್ಟ್ ಸೇರಿ, ಪ್ಯಾಕೇಜು ಅನಾವಶ್ಯಕವಾಯಿತು. ಹೆಲ್ಪರುಗಳ ಸಹಜ ಗತಿ ಬಹುಮಟ್ಟಿಗೆ ಇದೇ: ಎಲ್ಲರಿಗೂ ಬೇಕಾದುದು ಕಾಲಕ್ರಮದಲ್ಲಿ ಭಾಷೆಯನ್ನೇ ಸೇರುತ್ತದೆ, ಯೋಜನೆಯ ಕಡತದಲ್ಲಿ ಉಳಿದ ಪ್ರತಿಯನ್ನು ಅಳಿಸಬೇಕಾಗುತ್ತದೆ. ಅಳಿಸಲು ಸಾಧ್ಯವಾಗುವುದು, ಯಾರು ಅದನ್ನು ಕರೆಯುತ್ತಿದ್ದಾರೆಂದು ಹುಡುಕಿ ತಿಳಿಯಬಹುದಾದಲ್ಲಿ ಮಾತ್ರ. ತನ್ನ ಹೆಲ್ಪರುಗಳನ್ನು ಬೇರೆಯಾಗಿ ಇಡದೆ ಭಾಷೆಯ ಮೂಲವಸ್ತುಗಳಿಗೇ ಅಂಟಿಸಿದ ಮೂಟೂಲ್ಸ್ ಲೈಬ್ರರಿಯ ದೆಸೆಯಿಂದ, 2018ರಲ್ಲಿ ಭಾಷಾಸಮಿತಿಯವರು ಪಟ್ಟಿಗಳನ್ನು ಚಪ್ಪಟೆಗೊಳಿಸುವ ಹೊಸ ಮೆಥಡ್ಡಿಗೆ ಫ್ಲಾಟನ್ ಎಂಬ ಹೆಸರನ್ನು ಇಡಲಾರದೆ ಹೋದರು. ಇಟ್ಟಿದ್ದರೆ, ಅದೇ ಹೆಸರಿನ ಹೆಲ್ಪರನ್ನು ನೆಚ್ಚಿದ್ದ ಹಳೆಯ ತಾಣಗಳು ಕೆಡುತ್ತಿದ್ದುವು. ಮರುವರ್ಷದ ಸೂತ್ರದಲ್ಲಿ ಆ ಮೆಥಡ್ಡು ಫ್ಲಾಟ್ ಎಂಬ ಹೆಸರಿನಿಂದ ಸೇರಿತು.